ಕೀ ಸೆಲ್ ಹೋದ್ರೆ ಗಾಡಿ ಸತ್ತ ಹಾಗಲ್ಲ

ಇವತ್ತು ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಲ್ಲ. ಒಂದು ಕಾರ್ ಕೀ ಇದೆ, ಒಂದು ಊಟದ ತಟ್ಟೆ, ಒಂದು ರೂಪಾಯಿ ನಾಣ್ಯ, ಇನ್ನೂ ಕತ್ತರಿಸದ ಪ್ಯಾಕೆಟ್‌ನಲ್ಲಿ ಒಂದು ಬಟನ್ ಸೆಲ್. ಕೀ ಒಳಗಿನ ಸೆಲ್ ಬದಲಾಯಿಸೋದು ಐದು ನಿಮಿಷದ ಕೆಲಸ, ಖರ್ಚು ನೂರು ರೂಪಾಯಿಯೊಳಗೆ. ಇಷ್ಟಕ್ಕೆ ಒಂದು ಇಡೀ ವಿಡಿಯೋ ಬೇಕಾ ಅಂತ ಕೇಳಬಹುದು. ಸೆಲ್ ಹಾಕೋದಕ್ಕೆ ಬೇಡ. ಸೆಲ್ ಕೈಕೊಟ್ಟ ರಾತ್ರಿ ಏನು ಮಾಡಬೇಕು, ತೆಗೆದ ಸೆಲ್ಲನ್ನ ಎಲ್ಲಿ ಇಡಬೇಕು, ಈ ಎರಡಕ್ಕೆ ಬೇಕು.

ಮೊದಲು ಕೀ ಒಳಗೆ ಏನಿದೆ ಅಂತ ನೋಡೋಣ. ನಾವು ಅದನ್ನ ಒಂದು ವಸ್ತು ಅಂದ್ಕೊಂಡಿರ್ತೀವಿ. ನಿಜವಾಗಿ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಜನ ಒಂದೇ ಫ್ಲ್ಯಾಟ್ ಹಂಚಿಕೊಂಡಿದ್ದಾರೆ, ಕರೆಂಟ್ ಬಿಲ್ ಬರೋದು ಮಾತ್ರ ಒಬ್ಬನ ಹೆಸರಿಗೆ.

ಮೊದಲನೆಯವನು ಲೋಹದ ಕೀಲಿ. ಬಟನ್ ಸ್ಟಾರ್ಟ್ ಇರುವ ಗಾಡಿಗಳ ಕೀಯಲ್ಲೂ ಒಂದು ಪುಟ್ಟ ಕೀಲಿ ಅಡಗಿರುತ್ತೆ. ಪಕ್ಕದಲ್ಲೋ ಹಿಂದೆಯೋ ಒಂದು ಸಣ್ಣ ಲಾಕ್ ಇರುತ್ತೆ, ಅದನ್ನ ಸರಿಸಿ ಅಥವಾ ಒತ್ತಿ ಎಳೆದರೆ ಹೊರಗೆ ಬರುತ್ತೆ. ನಾಲ್ಕೈದು ವರ್ಷದಿಂದ ಗಾಡಿ ಓಡಿಸ್ತಿರೋರು ಎಷ್ಟೋ ಜನ ಅದನ್ನ ಒಮ್ಮೆಯೂ ಹೊರಗೆ ತೆಗೆದಿರೋದಿಲ್ಲ. ಈಗಲೇ ತೆಗೆದು ನೋಡಿ, ವಿಡಿಯೋ ನಿಲ್ಲಿಸಿ ಬೇಕಾದ್ರೆ.

ಎರಡನೆಯವನು ಇಮ್ಮೊಬಿಲೈಸರ್ ಚಿಪ್. ಗಾಡಿ ಸ್ಟಾರ್ಟ್ ಆಗೋಕೆ ಅಪ್ಪಣೆ ಕೊಡೋನು ಇವನೇ. ಇವನಿಗೆ ಸೆಲ್ ಬೇಡ. ಇಗ್ನಿಷನ್ ಸುತ್ತ ಅಥವಾ ಸ್ಟಾರ್ಟ್ ಬಟನ್ ಹಿಂದೆ ಗಾಡಿಯವರು ಒಂದು ತಾಮ್ರದ ಸುರುಳಿ ಇಟ್ಟಿರ್ತಾರೆ. ಅದು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತೆ. ಚಿಪ್ ಆ ಕ್ಷೇತ್ರದಿಂದಲೇ ತನಗೆ ಬೇಕಾದ ಶಕ್ತಿ ತಗೊಂಡು ಉತ್ತರ ಕೊಡುತ್ತೆ. ನಂಬಿಕೆ ಬರ್ತಿಲ್ವಾ? ನಿಮ್ಮ ಆಫೀಸಿನ ಐಡಿ ಕಾರ್ಡಿಗೆ ಎಂದಾದರೂ ಸೆಲ್ ಹಾಕಿದ್ದೀರಾ? ಮೆಟ್ರೋ ಕಾರ್ಡಿಗೆ? ಗೇಟಿನ ಹತ್ತಿರ ಹಿಡಿದಾಗ ಅದು ಹೇಗೆ ಎಚ್ಚರಗೊಳ್ಳುತ್ತೋ, ಇದೂ ಹಾಗೇ. ಕೆಲವೇ ಸೆಂಟಿಮೀಟರ್ ಹತ್ತಿರ ಹೋಗಬೇಕು, ಅಷ್ಟೆ ಷರತ್ತು.

ಮೂರನೆಯವನು ರೇಡಿಯೋ. ಲಾಕ್, ಅನ್‌ಲಾಕ್ ಬಟನ್ ಒತ್ತಿದಾಗ ಕೂಗಿ ಹೇಳೋನು. ನಮ್ಮ ದೇಶದಲ್ಲೂ ಯುರೋಪಿನಲ್ಲೂ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್. ಸೆಲ್ ತಿನ್ನೋನು ಇವನೊಬ್ಬನೇ. ಸೆಲ್ ಹೋದ್ರೆ ಇವನು ಮಲಗ್ತಾನೆ, ಉಳಿದಿಬ್ಬರು ಎದ್ದೇ ಇರ್ತಾರೆ. ಇವತ್ತು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ.

ಇದು ಗೊತ್ತಿಲ್ಲದಿದ್ರೆ ಏನಾಗುತ್ತೆ ಅಂತ ಹೇಳ್ತೀನಿ. ಪುಣೆಯಲ್ಲಿ ನಮ್ಮ ಸೊಸೈಟಿಯಲ್ಲೇ ವಿಜಯಪುರ ಕಡೆಯವರೊಬ್ಬರಿದ್ದಾರೆ. ಊರಲ್ಲಿ ತಂದೆಯನ್ನ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ರಾತ್ರಿ ಹತ್ತೂವರೆಗೆ ಫೋನ್ ಬಂದಿದೆ. ಬ್ಯಾಗ್ ತಗೊಂಡು ಪಾರ್ಕಿಂಗಿಗೆ ಬಂದ್ರೆ ಗಾಡಿ ಅಲುಗಾಡ್ತಿಲ್ಲ. ನಾನು ಕೆಳಗೆ ಇಳಿದಾಗ ಅವರು ಬೆವತು ಹೋಗಿದ್ರು. “ಸರ, ಗಾಡಿ ಒಟ್ಟ ಮಾತಾಡವಲ್ದು ನೋಡ್ರಿ” ಅಂದ್ರು. ರೋಡ್‌ಸೈಡ್ ಅಸಿಸ್ಟೆನ್ಸಿನವರು ಒಂದೂವರೆ ತಾಸು ಅಂದಿದ್ರು, ಟ್ಯಾಕ್ಸಿಯವನು ಸೋಲಾಪುರದಿಂದ ಮುಂದೆ ಬರೋದಿಲ್ಲ ಅಂದಿದ್ದ.

ಕೀ ಒಳಗಿನ ಕೀಲಿ ಹೊರಗೆ ಎಳೆದು ಡ್ರೈವರ್ ಬಾಗಿಲು ತೆಗೆದ್ವಿ. ತೆಗೆದ ಕೂಡಲೇ ಅಲಾರಂ ಹೊಡೆದುಕೊಳ್ಳೋಕೆ ಶುರು, ವಾಚ್‌ಮನ್ ಓಡಿ ಬಂದ, ಮೇಲಿನ ಬಾಲ್ಕನಿಗಳಲ್ಲಿ ಲೈಟು. ಇಲ್ಲಿ ತುಂಬ ಜನ ಹೆದರಿ ಬಾಗಿಲು ಮುಚ್ಚಿಬಿಡ್ತಾರೆ. ಹೆದರಬೇಡಿ. ರಿಮೋಟ್ ಇಲ್ಲದೆ ಬಾಗಿಲು ತೆಗೆದದ್ದಕ್ಕೆ ಗಾಡಿ ತನ್ನ ಕರ್ತವ್ಯ ಮಾಡ್ತಿದೆ, ಚಿಪ್ಪನ್ನ ಗುರುತಿಸಿದ ಮೇಲೆ ತಾನೇ ಸುಮ್ಮನಾಗುತ್ತೆ. ಅವರನ್ನ ಸೀಟಿನಲ್ಲಿ ಕೂರಿಸಿ, ಬ್ರೇಕ್ ಒತ್ತಿಸಿ, ಬೆರಳಿನ ಬದಲು ಕೀಯಿಂದಲೇ ಸ್ಟಾರ್ಟ್ ಬಟನ್ ಒತ್ತಿಸಿದೆ. ಎಂಜಿನ್ ಎದ್ದಿತು, ಅಲಾರಂ ನಿಂತಿತು. ಅವರು ಮೊದಲು ಕೇಳಿದ್ದೇನು ಗೊತ್ತಾ? “ದಾರ್ಯಾಗ ಚಾ ಕುಡಿಯಾಕ ಬಂದ್ ಮಾಡಿದ್ರ ಮತ್ತ ಚಾಲೂ ಆಕ್ಕೈತೇನ್ರಿ?” ಬಹಳ ಸರಿಯಾದ ಪ್ರಶ್ನೆ. ಆಗುತ್ತೆ, ಎಷ್ಟು ಸಲ ಬೇಕಾದ್ರೂ, ಇದೇ ರೀತಿಯಲ್ಲಿ. ಓಡ್ತಾ ಇರುವಾಗ ‘ಕೀ ಕಾಣಿಸ್ತಿಲ್ಲ’ ಅಂತ ಮೀಟರಿನಲ್ಲಿ ಸಂದೇಶ ಬರಬಹುದು, ಅದಕ್ಕಾಗಿ ಎಂಜಿನ್ ನಿಲ್ಲೋದಿಲ್ಲ. ಬೆಳಗಿನ ಜಾವ ಅವರು ಆಸ್ಪತ್ರೆಯಿಂದಲೇ ಫೋನ್ ಮಾಡಿದ್ರು.

ಕೀಯನ್ನ ಎಲ್ಲಿ ತಾಗಿಸಬೇಕು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಹುಂಡೈ, ಕಿಯಾದ ಎಷ್ಟೋ ಮಾಡೆಲ್‌ಗಳಲ್ಲಿ ಕೀಯಿಂದಲೇ ಬಟನ್ ಒತ್ತೋದು. ಟೊಯೋಟಾದಲ್ಲಿ ಲಾಂಛನ ಇರುವ ಮುಖವನ್ನ ಬಟನ್ನಿಗೆ ತಾಗಿಸಿ, ಬಝರ್ ಶಬ್ದ ಬಂದ ಮೇಲೆ ಹತ್ತು ಸೆಕೆಂಡಿನೊಳಗೆ ಒತ್ತಬೇಕು. ಇನ್ನು ಕೆಲವು ಕಂಪನಿಗಳವರು ಆ ಜಾಗವನ್ನ ಸ್ಟೀರಿಂಗ್ ಕಾಲಮ್ ಪಕ್ಕವೋ ಕಪ್ ಇಡುವ ಗುಂಡಿಯ ತಳದಲ್ಲೋ ಇಟ್ಟಿರ್ತಾರೆ. ಬಾಗಿಲಿನ ಕೀಲಿ ತೂತೂ ಕೆಲವದರಲ್ಲಿ ಕಣ್ಣಿಗೆ ಬೀಳೋದಿಲ್ಲ, ಹ್ಯಾಂಡಲ್ ತುದಿಯ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಇರುತ್ತೆ. ಗಾಡಿ ಮ್ಯಾನ್ಯುವಲ್‌ನಲ್ಲಿ ಇದಕ್ಕೆ ಒಂದು ಪುಟ ಇದ್ದೇ ಇರುತ್ತೆ. ಆದರೆ ಮ್ಯಾನ್ಯುವಲ್ ಇರೋದು ಡ್ಯಾಶ್‌ಬೋರ್ಡ್ ಪೆಟ್ಟಿಗೆಯೊಳಗೆ, ಬಾಗಿಲು ತೆಗೆಯೋದು ಹೇಗೆ ಅನ್ನೋದೂ ಅದರೊಳಗೇ! ಆ ಒಂದು ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಮನೆಯವರಿಗೂ ಕಳಿಸಿ.

ಕೀ ಫ್ಲಿಪ್ ಮಾದರಿಯದ್ದಾದ್ರೆ, ಅಂದ್ರೆ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡೋ ಗಾಡಿಯಾದ್ರೆ, ಇನ್ನೂ ಸುಲಭ. ಕೀಲಿಯಿಂದ ಬಾಗಿಲು ತೆಗೀರಿ, ತಿರುಗಿಸಿ. ಅಲ್ಲಿ ಚಿಪ್ ಹೇಗೂ ಸುರುಳಿಯ ಪಕ್ಕಕ್ಕೇ ಹೋಗುತ್ತೆ.

ಒಂದು ಗೊಂದಲ ಬಿಡಿಸಿಬಿಡೋಣ. ಕೀ ಕೆಲಸ ಮಾಡ್ಲಿಲ್ಲ ಅಂದ ಮಾತ್ರಕ್ಕೆ ಕೀ ಸೆಲ್ಲೇ ಹೋಗಿದೆ ಅಂತ ಅಲ್ಲ. ವರ್ಕ್ ಫ್ರಮ್ ಹೋಮ್ ಮಾಡ್ತಾ ಮೂರು ವಾರ ಗಾಡಿ ಮುಟ್ಟದೆ ಬಿಟ್ಟಿದ್ರೆ ಗಾಡಿಯ ದೊಡ್ಡ ಬ್ಯಾಟರಿ, ಹನ್ನೆರಡು ವೋಲ್ಟಿನದ್ದು, ಇಳಿದಿರಬಹುದು. ಬಾಗಿಲು ತೆಗೆದಾಗ ಒಳಗಿನ ಲೈಟ್ ಹತ್ತಿತಾ ನೋಡಿ. ಲೈಟ್ ಚೆನ್ನಾಗಿ ಹತ್ತಿದ್ರೆ ಕೀ ಕಡೆಗೆ ಅನುಮಾನ. ಲೈಟೂ ಇಲ್ಲ, ಮೀಟರೂ ಇಲ್ಲ ಅಂದ್ರೆ ದೊಡ್ಡ ಬ್ಯಾಟರಿ, ಅದಕ್ಕೆ ಜಂಪರ್ ಕೇಬಲ್ ಬೇಕು, ಕೀ ತಾಗಿಸಿ ಪ್ರಯೋಜನ ಇಲ್ಲ. ಇನ್ನೊಂದು, ಟಿವಿ ರಿಮೋಟನ್ನ ಫೋನ್ ಕ್ಯಾಮೆರಾ ಮುಂದೆ ಹಿಡಿದು ಪರೀಕ್ಷಿಸ್ತಾರಲ್ಲ, ಅದನ್ನ ಕಾರ್ ಕೀ ಮೇಲೆ ಮಾಡಬೇಡಿ. ಟಿವಿ ರಿಮೋಟಿನಲ್ಲಿ ಇನ್‌ಫ್ರಾರೆಡ್ ಬೆಳಕು, ಕಾರ್ ಕೀಯಲ್ಲಿ ರೇಡಿಯೋ. ಕ್ಯಾಮೆರಾಕ್ಕೆ ಏನೂ ಕಾಣೋದಿಲ್ಲ, ಕೀ ಹೊಸದಾಗಿದ್ರೂ.

ಸೆಲ್ ಒಂದೇ ದಿನಕ್ಕೆ ಸಾಯೋದಿಲ್ಲ. ಮುಂಚೆ ಲಿಫ್ಟಿನಿಂದ ಹೊರಗೆ ಬರ್ತಾ ಒತ್ತಿದ್ರೆ ಗಾಡಿ ಕಣ್ಣು ಮಿಟುಕಿಸ್ತಿತ್ತು, ಈಗ ಪಕ್ಕಕ್ಕೆ ಹೋಗಿ ಎರಡು ಸಲ ಒತ್ತಬೇಕು ಅಂದ್ರೆ ದಿನ ಹತ್ತಿರ ಬಂದಿದೆ ಅಂತ. ದೆಹಲಿಯಲ್ಲಿರೋರು ಡಿಸೆಂಬರ್, ಜನವರಿಯಲ್ಲಿ ಇದನ್ನ ಹೆಚ್ಚು ನೋಡ್ತೀರಿ, ಯಾಕಂದ್ರೆ ಚಳಿಯಲ್ಲಿ ಸೆಲ್ಲಿನ ಒಳಗಿನ ಪ್ರತಿರೋಧ ಏರುತ್ತೆ. ಹಳೆ ಮಾದರಿಯ ರಿಮೋಟ್ ಒತ್ತಿದಾಗ ಮಾತ್ರ ಕೆಲಸ ಮಾಡುತ್ತೆ, ಅದಕ್ಕೇ ಸೆಲ್ ಹೆಚ್ಚು ಕಾಲ ಬರುತ್ತೆ. ಸ್ಮಾರ್ಟ್ ಕೀ ಜೇಬಿನಲ್ಲಿದ್ದಾಗಲೂ ಗಾಡಿ ಕರೆಯುತ್ತಾ ಅಂತ ಕಿವಿ ತೆರೆದೇ ಇಟ್ಟುಕೊಂಡಿರುತ್ತೆ. ಟೊಯೋಟಾ ಮ್ಯಾನ್ಯುವಲ್‌ಗಳು ಅದಕ್ಕೆ ಒಂದರಿಂದ ಎರಡು ವರ್ಷದ ಆಯಸ್ಸು ಹೇಳುತ್ತವೆ. ಟಿವಿ, ಕಂಪ್ಯೂಟರ್, ಚಾರ್ಜ್ ಆಗ್ತಿರೋ ಫೋನ್, ಇಂಡಕ್ಷನ್ ಒಲೆ ಇವುಗಳಿಂದ ಕೀಯನ್ನ ಒಂದು ಮೀಟರ್ ದೂರ ಇಡಿ ಅಂತಲೂ ಹೇಳುತ್ತವೆ. ಆ ಕಾಂತಕ್ಷೇತ್ರಗಳಿಂದಾಗಿ ಸೆಲ್ ಬೇಗ ಖಾಲಿಯಾಗಬಹುದು. ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ಒಂದು ಮೀಟರ್ ದೂರ ಎಲ್ಲಿಂದ ತರೋದು ಅನ್ನಬೇಡಿ, ಬಾಗಿಲ ಹಿಂದೆ ಎತ್ತರದಲ್ಲಿ ಒಂದು ಕೊಕ್ಕೆ ಹೊಡೀರಿ ಸಾಕು.

ಸರಿ, ಕೈಕೆಲಸಕ್ಕೆ ಬರೋಣ. ತಟ್ಟೆಯ ಮೇಲೇ ಮಾಡಿ, ಸಣ್ಣ ತುಂಡು ಬಿದ್ರೆ ಸಿಗುತ್ತೆ. ಕೀಲಿ ಎಳೆದು ತೆಗೆದ ಜಾಗದಲ್ಲಿ ಅಥವಾ ಎರಡು ಹೋಳು ಸೇರುವ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಕಾಣುತ್ತೆ. ಅಲ್ಲಿ ನಾಣ್ಯ ಇಟ್ಟು ನಿಧಾನವಾಗಿ ತಿರುಗಿಸಿ. ಸ್ಕ್ರೂಡ್ರೈವರ್ ಆದ್ರೆ ತುದಿಗೆ ಬಟ್ಟೆ ಸುತ್ತಿ, ಇಲ್ಲಾಂದ್ರೆ ಕೀ ಮೈಮೇಲೆ ಗೀರು. ಕೆಲವು ಹಳೆ ಕೀಗಳಲ್ಲಿ ಹಿಂದೆ ಒಂದು ಪುಟ್ಟ ಸ್ಕ್ರೂ ಇರುತ್ತೆ, ಅದನ್ನ ನೋಡದೆ ಬಲ ಹಾಕಬೇಡಿ. ಹೋಳು ಬಿಚ್ಚಿದ ಕೂಡಲೇ, ಏನನ್ನೂ ಮುಟ್ಟೋಕೆ ಮುಂಚೆ, ಫೋನಿನಲ್ಲಿ ಒಂದು ಫೋಟೋ ತೆಗೀರಿ. ಸೆಲ್ ಯಾವ ಮುಖ ಮೇಲಿತ್ತು ಅನ್ನೋದು ಎರಡು ನಿಮಿಷದ ನಂತರ ಯಾರಿಗೂ ನೆನಪಿರೋದಿಲ್ಲ. ಅಕ್ಷರ ಕೊರೆದ ಅಗಲ ಮುಖ ಪ್ಲಸ್.

ಹಳೆ ಫ್ಲಿಪ್ ಕೀಗಳಲ್ಲಿ ಒಂದು ಅಪಾಯದ ಜಾಗ ಇದೆ. ಕೆಲವದರಲ್ಲಿ ಇಮ್ಮೊಬಿಲೈಸರ್ ಚಿಪ್ ಬೋರ್ಡಿಗೆ ಅಂಟಿರೋದಿಲ್ಲ, ಬೇರೆಯಾಗಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ತುಂಡಾಗಿ ಒಂದು ಗೂಡಿನಲ್ಲಿ ಕೂತಿರುತ್ತೆ. ಕಸ ಅಂತ ಒದರಿಬಿಟ್ರೆ ಗಾಡಿ ಸ್ಟಾರ್ಟ್ ಆಗೋದಿಲ್ಲ. ರಸ್ತೆ ಬದಿಯಲ್ಲಿ ಕೀಗೆ ಹೊಸ ಶೆಲ್ ಹಾಕಿಸುವಾಗಲೂ ಹಳೆ ಶೆಲ್ಲನ್ನ ಅಲ್ಲೇ ಬಿಟ್ಟು ಬರಬೇಡಿ, ಚಿಪ್ ಅದರೊಳಗೆ ಉಳಿದಿರಬಹುದು.

ಸೆಲ್ಲಿನ ಮೇಲಿನ ಸಂಖ್ಯೆ ಓದಿ. ಹೆಚ್ಚಿನವು ಸಿಆರ್ 2032. ಮೊದಲ ಎರಡು ಅಂಕಿ ಅಗಲ, 20 ಮಿಲಿಮೀಟರ್. ಮುಂದಿನ ಎರಡು ದಪ್ಪ, 3.2 ಮಿಲಿಮೀಟರ್. ಹಾಗಾದ್ರೆ 2025 ಅಂದ್ರೆ ಅಷ್ಟೇ ಅಗಲ, ದಪ್ಪ ಎರಡೂವರೆ. 1620 ಅಂದ್ರೆ 16 ಅಗಲ, 2 ದಪ್ಪ. ಎಲ್ಲವೂ ಮೂರು ವೋಲ್ಟೇ. ಅದಕ್ಕೆ ಅಂಗಡಿಯವನು “ಎಲ್ಲಾ ಒಂದೇ, ಹಾಕ್ಕೊಳ್ಳಿ” ಅಂತಾನೆ. ಹಾಕಬೇಡಿ. ತೆಳು ಸೆಲ್ ಸಡಿಲವಾಗಿ ಕೂತು ಆಗಾಗ ಸಂಪರ್ಕ ತಪ್ಪುತ್ತೆ, ದಪ್ಪ ಸೆಲ್ ತುರುಕಿದ್ರೆ ಒಳಗಿನ ಪತ್ತಿ ಬಗ್ಗುತ್ತೆ. ಎಲ್‌ಐಆರ್ 2032 ಅಂತ ಅದೇ ಅಳತೆಯ ಚಾರ್ಜ್ ಮಾಡೋ ಸೆಲ್ ಒಂದು ಸಿಗುತ್ತೆ, ಅದರ ವೋಲ್ಟೇಜ್ ಪೂರ್ತಿ ಚಾರ್ಜಿನಲ್ಲಿ ನಾಲ್ಕನ್ನ ದಾಟುತ್ತೆ, ಅದೂ ಬೇಡ.

ಹೊಸದನ್ನ ಅಂಚಿನಲ್ಲಿ ಹಿಡಿದು ಕೂರಿಸಿ, ಮುಖದ ಮೇಲೆ ಬೆರಳಿನ ಜಿಡ್ಡು ಬೇಡ. ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಹೋಳು ಮುಚ್ಚಿ, ಬಟನ್ ಒತ್ತಿ, ಮುಗೀತು. ರೀಪ್ರೋಗ್ರಾಮಿಂಗ್ ಮಾಡಬೇಕು ಅಂತ ಯಾರಾದ್ರೂ ಹೇಳಿದ್ರೆ ಸ್ವಲ್ಪ ಯೋಚಿಸಿ. ಕೀಯ ಗುರುತು, ಅದರ ಕೋಡ್ ಎಲ್ಲ ಕರೆಂಟ್ ಹೋದ್ರೂ ಅಳಿಯದ ಮೆಮೊರಿಯಲ್ಲಿರುತ್ತೆ, ಪೆನ್‌ಡ್ರೈವ್ ಕಿತ್ತರೆ ಫೈಲ್ ಹೋಗೋದಿಲ್ಲವಲ್ಲ ಹಾಗೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಒಂದು ಸರ್ವಿಸ್ ಸೆಂಟರಿನಲ್ಲಿ ಸೆಲ್, ಲೇಬರ್, ಪ್ರೋಗ್ರಾಮಿಂಗ್ ಅಂತ ಸಾವಿರದ ಮೇಲೆ ಬಿಲ್ ಕೊಟ್ಟಿದ್ರು. ಅಪರೂಪಕ್ಕೆ ಕೆಲವು ಗಾಡಿಗಳಲ್ಲಿ ಕೀ ಮತ್ತು ಗಾಡಿಯ ಲೆಕ್ಕ ತಪ್ಪಬಹುದು, ಅದನ್ನ ಸರಿಮಾಡೋ ಕ್ರಮ ಸಾಮಾನ್ಯವಾಗಿ ಮ್ಯಾನ್ಯುವಲ್‌ನಲ್ಲೇ ಇರುತ್ತೆ.

ಈಗ ತಟ್ಟೆಯ ಮೇಲೆ ಉಳಿದಿರೋ ಹಳೆ ಸೆಲ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡ್ತೀನಿ, ಮನೆಯಲ್ಲಿ ಐದು ವರ್ಷದೊಳಗಿನ ಮಗು ಇರೋರು ದಯವಿಟ್ಟು ಮುಂದಕ್ಕೆ ಓಡಿಸಬೇಡಿ.

ಅಗಲ 20 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯ. ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳೋಕೆ ಸರಿಯಾದ ಅಳತೆ. ಸಿಕ್ಕಿಕೊಂಡರೆ ಒದ್ದೆ ಮಾಂಸದ ಮೂಲಕ ಕರೆಂಟ್ ಹರಿಯುತ್ತೆ, ಮೈನಸ್ ಮುಖದ ಹತ್ತಿರ ಕ್ಷಾರ ಹುಟ್ಟುತ್ತೆ, ಚರಂಡಿ ಕಟ್ಟಿದಾಗ ಸುರಿಯೋ ಕಾಸ್ಟಿಕ್ ಸೋಡಾ ಮಾಡೋ ಕೆಲಸವನ್ನೇ ಅದು ಗಂಟಲೊಳಗೆ ಮಾಡುತ್ತೆ. ಎರಡು ಗಂಟೆಯೊಳಗೆ ತೀವ್ರವಾಗಿ ಸುಡಬಹುದು. ಸೆಲ್ ಸೋರಬೇಕು ಅಂತೇನೂ ಇಲ್ಲ. ಸತ್ತ ಸೆಲ್ಲಾದ್ರೂ ಆಗುತ್ತೆ, ಇದೇ ಜನರಿಗೆ ಗೊತ್ತಿಲ್ಲದ್ದು. ಕೀಗೆ ಸಾಲದ ವೋಲ್ಟೇಜ್ ಮಗುವಿನ ಅನ್ನನಾಳ ಸುಡೋಕೆ ಧಾರಾಳ ಸಾಕು. ಟಿವಿ ರಿಮೋಟಿನ ಇಂಥದ್ದೇ ಸೆಲ್ ನುಂಗಿ ಹದಿನೆಂಟು ತಿಂಗಳ ಮಗುವೊಂದು 2020ರಲ್ಲಿ ಅಮೆರಿಕದಲ್ಲಿ ತೀರಿಕೊಂಡ ಮೇಲೆ, 2022ರಲ್ಲಿ ಅದರ ಹೆಸರಿನಲ್ಲೇ ‘ರೀಸ್ ಕಾನೂನು’ ಬಂತು. ಸೆಲ್ ಇಡೋ ಮುಚ್ಚಳ ಮಕ್ಕಳಿಗೆ ಸುಲಭವಾಗಿ ತೆಗೆಯೋಕೆ ಬರಬಾರದು ಅಂತ ಅದರ ನಿಯಮ.

ಕೀ ಒಂದೇ ಅಲ್ಲ. ತೂಕದ ಯಂತ್ರ, ಹಾಡೋ ಗ್ರೀಟಿಂಗ್ ಕಾರ್ಡು, ದೀಪಾವಳಿಗೆ ತರ್ತೀವಲ್ಲ ಎಲ್‌ಇಡಿ ದೀಪ, ಅವುಗಳಲ್ಲೂ ಎಷ್ಟೋ ಕಡೆ ಇದೇ ಸೆಲ್ಲು. ಮಗು ಅಳ್ತಿದೆ ಅಂತ ಕಾರ್ ಕೀ ಆಡೋಕೆ ಕೊಡೋ ಅಭ್ಯಾಸ ನಮ್ಮಲ್ಲಿ ತುಂಬ. ನಾಲ್ಕು ಸಲ ನೆಲಕ್ಕೆ ಬಿದ್ದ ಕೀಯ ಹೋಳು ತಾನೇ ಬಾಯಿ ತೆರೆಯುತ್ತೆ.

ನುಂಗಿದ ಅನುಮಾನ ಬಂದ್ರೂ ಸಾಕು, ನೇರ ಎಮರ್ಜೆನ್ಸಿ ಇರುವ ದೊಡ್ಡ ಆಸ್ಪತ್ರೆಗೆ, ಎಂಡೋಸ್ಕೋಪಿ ಮಾಡೋ ಕಡೆಗೆ ಹೋಗಿ. ಗಾಡಿ ಇಲ್ಲದಿದ್ರೆ 112ಕ್ಕೆ ಕರೆ ಮಾಡಿ. ಜೊಲ್ಲು, ಕೆಮ್ಮು, ವಾಂತಿ, ಊಟ ಬೇಡ ಅನ್ನೋದು ಇರಬಹುದು, ಏನೂ ಲಕ್ಷಣ ಇಲ್ಲದೆಯೂ ಇರಬಹುದು. ನಾಣ್ಯ ನುಂಗಿದ ಮಗುವಿಗೆ ಬಾಳೆಹಣ್ಣು ತಿನ್ನಿಸಿ ಬೆಳಗಿನವರೆಗೆ ಕಾಯೋ ಮನೆಮದ್ದು ನಮ್ಮ ಕಡೆ ಇದೆ. ಸೆಲ್ಲಿನ ವಿಷಯದಲ್ಲಿ ಆ ಕಾಯುವಿಕೆ ಪ್ರಾಣ ತೆಗೆಯುತ್ತೆ. ವಾಂತಿ ಮಾಡಿಸೋಕೆ ಹೋಗಬೇಡಿ. ಒಂದು ವರ್ಷ ದಾಟಿದ, ನುಂಗೋಕೆ ತೊಂದರೆ ಇಲ್ಲದ ಮಗುವಾಗಿದ್ರೆ, ಸೆಲ್ ನುಂಗಿ ಹನ್ನೆರಡು ಗಂಟೆ ಆಗಿರದಿದ್ರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಆರು ಸಲದವರೆಗೆ ಕೊಡಬಹುದು ಅನ್ನೋದು ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರಿನ ಸಲಹೆ. ಅದು ಸುಡುವಿಕೆಯನ್ನ ನಿಧಾನ ಮಾಡುತ್ತೆ, ಸೆಲ್ ತೆಗೆಯೋದಿಲ್ಲ. ಜೇನುತುಪ್ಪ ಹುಡುಕ್ತಾ ಮನೆಯಲ್ಲಿ ನಿಲ್ಲಬೇಡಿ. ಬೇರೆ ಯಾವ ಆಹಾರವನ್ನೂ ಕೊಡಬೇಡಿ.

ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ರಾತ್ರಿ ಕ್ಯಾಶುವಾಲಿಟಿಯಲ್ಲಿ ತಮಿಳು, ತೆಲುಗು ಬಾಯಿಗೆ ಬರೋದಿಲ್ಲ. ಎರಡೇ ಪದ ಹೇಳಿ, “ಬಟನ್ ಬ್ಯಾಟರಿ.” ಕುಳಿತುಕೊಳ್ಳಿ ಅಂದ್ರೆ ಮತ್ತೆ ಹೇಳಿ. ಸೆಲ್ಲಿನ ಖಾಲಿ ಪ್ಯಾಕೆಟ್ ಅಥವಾ ಅದೇ ತರದ ಕೀ ಕೈಯಲ್ಲಿ ಹಿಡಿದು ತೋರಿಸಿ. ಎಕ್ಸ್‌ರೇಯಲ್ಲಿ ನಾಣ್ಯದಂತೆ ಕಾಣೋದರ ಅಂಚಿನಲ್ಲಿ ಎರಡು ಉಂಗುರ ಕಂಡರೆ ಅದು ಸೆಲ್. ಮೂಗು, ಕಿವಿಯಲ್ಲಿ ತುರುಕಿಕೊಂಡರೂ ಅಷ್ಟೇ ತುರ್ತು, ಆದರೆ ಅಲ್ಲಿಗೆ ಯಾವ ಹನಿ ಔಷಧಿಯೂ ಹಾಕಬೇಡಿ.

ಅದಕ್ಕೇ ಕ್ರಮ ಹೀಗಿರಲಿ. ಹೊಸ ಸೆಲ್ಲಿನ ಪ್ಯಾಕೆಟ್ ಕತ್ತರಿಸೋದು ಮಗು ಮಲಗಿದ ಮೇಲೆ. ಹಳೆ ಸೆಲ್ ಹೊರಗೆ ಬಂದ ಕೂಡಲೇ ಎರಡೂ ಮುಖಕ್ಕೆ ಸೆಲ್ಲೋಟೇಪ್ ಸುತ್ತಿ, ಎತ್ತರದ ಒಂದು ಡಬ್ಬಿಗೆ ಹಾಕಿ. ಫ್ರಿಡ್ಜ್ ಮೇಲೆ, ಕಿಟಕಿ ಕಟ್ಟೆ ಮೇಲೆ ‘ಆಮೇಲೆ ನೋಡೋಣ’ ಅಂತ ಇಡಬೇಡಿ. ಒಣಕಸದ ಚೀಲಕ್ಕೂ ಬೇಡ, ಅದನ್ನ ಕೈಯಲ್ಲಿ ಬೇರೆ ಮಾಡೋರು ಮನುಷ್ಯರು. ಡಬ್ಬಿ ತುಂಬಿದ ಮೇಲೆ ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ, ಎಷ್ಟೋ ಟೆಕ್ ಪಾರ್ಕುಗಳಲ್ಲಿ ಡಬ್ಬ ಇಟ್ಟಿರ್ತಾರೆ. ಕಹಿ ಲೇಪ ಇರುವ ಸೆಲ್ಲುಗಳೂ ಬರುತ್ತವೆ, ಮಗು ಬಾಯಿಗೆ ಹಾಕಿದ್ರೆ ಉಗಿಯಲಿ ಅಂತ. ಒಳ್ಳೆಯದೇ, ಆದರೆ ಆ ಲೇಪದಿಂದ ಕೆಲವು ಉಪಕರಣಗಳಲ್ಲಿ ಸಂಪರ್ಕ ಸರಿ ಕೂರೋದಿಲ್ಲ. ಕೀ ಕೆಲಸ ಮಾಡದಿದ್ರೆ ಅಂಚಿನ ಲೇಪ ಕೆರೆಯೋಕೆ ಹೋಗಬೇಡಿ, ಇನ್ನೊಂದು ಬ್ರ್ಯಾಂಡ್ ಹಾಕಿ.

ಕೊನೆಗೆ ಎರಡನೇ ಕೀ. ಗಾಡಿ ತಗೊಂಡಾಗ ಎರಡು ಕೊಟ್ಟಿದ್ರು, ನೆನಪಿದೆಯಾ? ನಮ್ಮಲ್ಲಿ ಅರ್ಧ ಜನರದ್ದು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಅಮ್ಮನ ಬೀರುವಿನಲ್ಲಿ, ಸೀರೆ ಮಡಿಕೆಯೊಳಗೆ ಭದ್ರವಾಗಿದೆ. ಅಲ್ಲಿ ಭದ್ರವಾಗಿದ್ದರೂ ಅದರ ಸೆಲ್ಲಿಗೂ ವಯಸ್ಸಾಗ್ತಿದೆ. ಊರಿಗೆ ಹೋದವರು ಬರುವಾಗ ತನ್ನಿ. ಎರಡಕ್ಕೂ ಒಂದೇ ದಿನ ಸೆಲ್ ಹಾಕಬೇಡಿ, ಆರು ತಿಂಗಳ ಅಂತರ ಇರಲಿ, ಒಂದೇ ವಾರದಲ್ಲಿ ಎರಡೂ ಹೋಗೋದು ತಪ್ಪುತ್ತೆ. ಹಾಕಿದ ತಿಂಗಳು, ವರ್ಷ ಮುಚ್ಚಳದ ಒಳಮೈಗೆ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ವಾರ ಗಾಡಿಯ ದೊಡ್ಡ ಬ್ಯಾಟರಿ ಮತ್ತು ಜಂಪರ್ ಕೇಬಲ್, ಪಾರ್ಕಿಂಗಿನಿಂದಲೇ ಮಾಡ್ತೀನಿ.